ಪತ್ತೇದಾರನ ಹಿಂದೆ ಎಂಟುನೂರು ಪುಟ

ಪತ್ತೇದಾರಿ ಕಾದಂಬರಿ ಓದುವವನಿಗೆ ವಿದ್ಯಾವಂತರ ನಡುವೆ ಮರ್ಯಾದೆ ಸ್ವಲ್ಪ ಕಡಿಮೆಯೇ. ಕಾವ್ಯ ಓದುವವನು ರಸಿಕ, ತತ್ತ್ವಶಾಸ್ತ್ರ ಓದುವವನು ವಿಚಾರವಂತ, ಚರಿತ್ರೆ ಓದುವವನು ಅಭ್ಯಾಸಿ. ಪತ್ತೇದಾರಿ ಓದುವವನು ಮಾತ್ರ ಹೊತ್ತು ಕಳೆಯುವವನು. ನಮ್ಮ ಅಜ್ಜನ ಕಾಲದವರು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಪಠ್ಯಪುಸ್ತಕದ ಮರೆಯಲ್ಲಿ ಇಟ್ಟುಕೊಂಡು ಓದಿದ್ದನ್ನು ಈಗ ನಗುತ್ತಾ ಹೇಳುತ್ತಾರೆ. ತಮಗೆ ಓದುವ ಚಟ ಹತ್ತಿದ್ದೇ ಅಲ್ಲಿಂದ ಎಂದು ಒಪ್ಪಿಕೊಳ್ಳುವುದಕ್ಕೆ ಮಾತ್ರ ಅವರಿಗೆ ಐವತ್ತು ವರ್ಷ ಬೇಕಾಯಿತು. ನಾನು ಅಷ್ಟು ದಿನ ಕಾಯುವುದಿಲ್ಲ. ಕಳೆದ ಬೇಸಿಗೆಯ ರಜೆಯನ್ನೆಲ್ಲ ಒಂದೇ ಪತ್ತೇದಾರಿ ಕಾದಂಬರಿಗೆ ಒಪ್ಪಿಸಿದೆನೆಂದು ಈ ಸಂಚಿಕೆಯಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಅದರ ಪೂರ್ವಕಥೆ ಹೀಗಿದೆ. ವಾಚನಾಲಯದಲ್ಲಿ ಇಂಗ್ಲೆಂಡಿನ ಟ್ಯೂಡರ್ ಅರಸರ ಬಗ್ಗೆ ಟಿಪ್ಪಣಿ ಮಾಡಿಕೊಳ್ಳಬೇಕಾದ ಹೊತ್ತಿನಲ್ಲಿ ನಾನು ಒಂದು ಕೊಲೆಯ ಕಥೆಯಲ್ಲಿ ಮುಳುಗಿದ್ದೆ. ನಮ್ಮ ಇತಿಹಾಸದ ಅಧ್ಯಾಪಕರು ಹಿಂದೆ ಬಂದು ನಿಂತದ್ದು ತಿಳಿಯಲಿಲ್ಲ. ಬೈಗುಳಕ್ಕೆ ಸಿದ್ಧನಾಗಿ ಎದ್ದುನಿಂತೆ. ಅವರು ಬೈಯಲಿಲ್ಲ. ಮರುದಿನ ಮನೆಯಿಂದ ಒಂದು ದಪ್ಪ ಪುಸ್ತಕ ತಂದು ಕೈಗಿಟ್ಟು, "ಕೊಲೆಯೇ ಬೇಕಾದರೆ ಇದನ್ನು ಓದು. ಟ್ಯೂಡರರೂ ಇದ್ದಾರೆ, ಕೊಲೆಯೂ ಇದೆ" ಎಂದರು. ನಾನು ಮೊದಲು ನೋಡಿದ್ದು ಅದರ ತೂಕವನ್ನು. ಆಮೇಲೆ ಕೊನೆಯ ಪುಟದ ಸಂಖ್ಯೆಯನ್ನು. ಎಂಟುನೂರನ್ನೂ ದಾಟಿತ್ತು.

ಪುಸ್ತಕದ ಹೆಸರು 'ಟೂಮ್‌ಲ್ಯಾಂಡ್'. ಬರೆದವರು ಸಿ. ಜೆ. ಸ್ಯಾನ್ಸಮ್, ಪ್ರಕಟವಾದದ್ದು 2018ರಲ್ಲಿ. ಸ್ಯಾನ್ಸಮ್ 1952ರಲ್ಲಿ ಎಡಿನ್‌ಬರೋದಲ್ಲಿ ಹುಟ್ಟಿದವರು. ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಚರಿತ್ರೆಯಲ್ಲಿ ಡಾಕ್ಟರೇಟ್ ಪಡೆದು, ಅನಂತರ ಕಾನೂನು ಓದಿ ವಕೀಲರಾಗಿ ದುಡಿದವರು. ಈ ಎರಡು ಕಸುಬುಗಳ ಗುರುತು ಅವರ ಕಾದಂಬರಿಗಳ ಮೇಲೆ ಎದ್ದು ಕಾಣುತ್ತದೆ: ಅವರ ಪತ್ತೇದಾರ ಪೋಲೀಸಿನವನಲ್ಲ, ಹದಿನಾರನೆಯ ಶತಮಾನದ ಲಂಡನ್ನಿನ ಒಬ್ಬ ವಕೀಲ. ಹೆಸರು ಮ್ಯಾಥ್ಯೂ ಶಾರ್ಡ್‌ಲೇಕ್. ಬೆನ್ನು ಗೂನು. ಆ ಕಾಲದ ಜನ ಗೂನನ್ನು ಅಪಶಕುನವೆಂದು ಬಗೆಯುತ್ತಿದ್ದರಾಗಿ ಅವನು ಹೋದಲ್ಲೆಲ್ಲ ನಗೆಪಾಟಲು. ಮಾಲೆಯ ಒಂದು ಕಾದಂಬರಿಯಲ್ಲಿ ಸ್ವತಃ ದೊರೆ ಎಂಟನೆಯ ಹೆನ್ರಿಯೇ ತುಂಬಿದ ಜನರೆದುರು ಅವನನ್ನು ಹಂಗಿಸುತ್ತಾನೆ.

ಶಾರ್ಡ್‌ಲೇಕನ ಮಾಲೆಯಲ್ಲಿ ಏಳು ಕಾದಂಬರಿಗಳಿವೆ. ಮೊದಲನೆಯದಾದ 'ಡಿಸೊಲ್ಯೂಷನ್' 2003ರಲ್ಲಿ ಬಂದಿತು. ಅದರ ಕಥೆ ನಡೆಯುವುದು 1537ರಲ್ಲಿ, ಹೆನ್ರಿ ದೊರೆ ಕ್ರೈಸ್ತ ಮಠಗಳನ್ನು ಮುಚ್ಚಿಸುತ್ತಿದ್ದ ಕಾಲದಲ್ಲಿ. ಅಲ್ಲಿಂದ ಒಂದೊಂದು ಕಾದಂಬರಿಯೂ ಕೆಲವು ವರ್ಷ ಮುಂದಕ್ಕೆ ಸರಿಯುತ್ತದೆ. 'ಸಾವರಿನ್' 1541ರ ಯಾರ್ಕ್ ನಗರಕ್ಕೂ, 'ಹಾರ್ಟ್‌ಸ್ಟೋನ್' 1545ರಲ್ಲಿ ಮೇರಿ ರೋಸ್ ಎಂಬ ಯುದ್ಧನೌಕೆ ಮುಳುಗಿದ ಪ್ರಸಂಗಕ್ಕೂ ನಮ್ಮನ್ನು ಕರೆದೊಯ್ಯುತ್ತವೆ. 1549ರ 'ಟೂಮ್‌ಲ್ಯಾಂಡ್' ಏಳನೆಯದು. ಅದೇ ಕೊನೆಯದೂ ಆಯಿತು. ಮೊದಲ ಕಾದಂಬರಿಯ ಆಧಾರದ ಮೇಲೆ ತಯಾರಾದ ಧಾರಾವಾಹಿ ತೆರೆ ಕಾಣುವುದಕ್ಕೆ ಕೆಲವೇ ದಿನ ಮುಂಚೆ, 2024ರ ಏಪ್ರಿಲ್ 27ರಂದು, ಸ್ಯಾನ್ಸಮ್ ತೀರಿಕೊಂಡರು.

ಚಾರಿತ್ರಿಕ ಪತ್ತೇದಾರಿ ಎಂಬ ಈ ಪ್ರಕಾರ ಇವರಿಂದಲೇ ಮೊದಲಾದುದಲ್ಲ. ಅಗಾಥಾ ಕ್ರಿಸ್ಟಿಯವರು 1944ರಲ್ಲೇ ಪ್ರಾಚೀನ ಈಜಿಪ್ಟಿನ ಒಂದು ಮನೆಯಲ್ಲಿ ಕೊಲೆಗಳನ್ನು ಮಾಡಿಸಿದ್ದರು. ಎಲಿಸ್ ಪೀಟರ್ಸ್ 1977ರಿಂದ ಹನ್ನೆರಡನೆಯ ಶತಮಾನದ ಒಬ್ಬ ಸಂನ್ಯಾಸಿಯನ್ನು, ಮಠದ ಮೂಲಿಕೆ ತೋಟ ನೋಡಿಕೊಳ್ಳುವ ಕ್ಯಾಡ್‌ಫೆಲ್ಲನನ್ನು, ಪತ್ತೇದಾರನನ್ನಾಗಿ ಮಾಡಿದರು. ಇಟಲಿಯ ಉಂಬರ್ಟೊ ಎಕೊ 1980ರ ಕಾದಂಬರಿಯಲ್ಲಿ 1327ರ ಒಂದು ಮಠದ ಗ್ರಂಥಭಂಡಾರವನ್ನೇ ರಹಸ್ಯದ ನೆಲೆಯಾಗಿಸಿದರು. ಇವುಗಳಿಗೆಲ್ಲ ಸಮಾನವಾದ ಒಂದು ಗುಣವಿದೆ. ಬೆರಳಚ್ಚಿಲ್ಲ, ರಕ್ತಪರೀಕ್ಷೆಯಿಲ್ಲ, ಟೆಲಿಫೋನಿಲ್ಲ. ಪತ್ತೇದಾರನಿಗೆ ಇರುವುದು ಕಣ್ಣು, ಕಿವಿ, ನಾಲ್ಕು ಜನರನ್ನು ಕೇಳುವ ನಾಲಗೆ, ಹೇಳಿದ್ದರಲ್ಲಿ ಸುಳ್ಳೆಷ್ಟು ಎಂದು ತೂಗುವ ಬುದ್ಧಿ, ಇಷ್ಟೇ.

ಇನ್ನು ಕಥೆಗೆ ಬರೋಣ. ಹೆನ್ರಿ ಸತ್ತು ಎರಡು ವರ್ಷವಾಗಿದೆ. ಸಿಂಹಾಸನದ ಮೇಲಿರುವ ಆರನೆಯ ಎಡ್ವರ್ಡನಿಗೆ ಹನ್ನೊಂದು ವರ್ಷ. ರಾಜ್ಯಭಾರ ಅವನ ಸೋದರಮಾವ ಪ್ರೊಟೆಕ್ಟರ್ ಸಾಮರ್‌ಸೆಟ್ಟನ ಕೈಯಲ್ಲಿ. ಶಾರ್ಡ್‌ಲೇಕ್ ಈಗ ರಾಜಕುಮಾರಿ ಎಲಿಜ಼ಬೆತ್ತಳ ಆಸ್ತಿಪಾಸ್ತಿಯ ಕೆಲಸ ನೋಡಿಕೊಳ್ಳುತ್ತಿದ್ದಾನೆ. ಅವಳ ತಾಯಿಯ ಕಡೆಯ ದೂರದ ನೆಂಟ ಜಾನ್ ಬೊಲಿನ್ ಎಂಬಾತ ನಾರ್ಫೋಕ್ ಸೀಮೆಯಲ್ಲಿ ಹೆಂಡತಿಯನ್ನು ಕೊಂದ ಆಪಾದನೆಗೆ ಸಿಕ್ಕಿಬಿದ್ದಿದ್ದಾನೆ. ಆ ಹೆಂಡತಿ ಒಂಬತ್ತು ವರ್ಷ ಹಿಂದೆ ಮನೆಯಿಂದ ಮಾಯವಾದವಳು. ಈಗ ಇದ್ದಕ್ಕಿದ್ದ ಹಾಗೆ ಅವಳ ಹೆಣ ಹೊಲದ ಹಳ್ಳವೊಂದರಲ್ಲಿ ಸಿಕ್ಕಿದೆ. ನಿಜಸ್ಥಿತಿ ವಿಚಾರಿಸಿ ಬಾ ಎಂದು ಎಲಿಜ಼ಬೆತ್ ಶಾರ್ಡ್‌ಲೇಕನನ್ನು ನಾರಿಚ್ ನಗರಕ್ಕೆ ಅಟ್ಟುತ್ತಾಳೆ. ಟೂಮ್‌ಲ್ಯಾಂಡ್ ಎಂಬುದು ಆ ನಗರದ ದೊಡ್ಡ ಚರ್ಚಿನ ಮುಂದಿನ ಬಯಲಿನ ಹೆಸರು. ಇಂಗ್ಲಿಷಿನಲ್ಲಿ ಟೂಮ್ ಎಂದರೆ ಗೋರಿ ಎಂದು ತಿಳಿದು ನಾನು ಸ್ಮಶಾನವನ್ನು ಕಲ್ಪಿಸಿಕೊಂಡಿದ್ದೆ. ಆದರೆ ಆ ಹೆಸರಿಗೂ ಗೋರಿಗೂ ಸಂಬಂಧವಿಲ್ಲ, ಖಾಲಿ ಜಾಗ ಎಂಬರ್ಥದ ಹಳೆಯ ಮಾತು ಅದು. ಪತ್ತೇದಾರಿ ಕಾದಂಬರಿ ಓದುವವನು ಮೊದಲ ಹೆಜ್ಜೆಯಲ್ಲೇ ತಪ್ಪು ಸುಳಿವಿನ ಹಿಂದೆ ಹೋಗುತ್ತಾನೆ ಎಂಬುದಕ್ಕೆ ಇದೊಂದು ನಿದರ್ಶನ.

ಕೊಂದವರು ಯಾರೆಂದು ನಾನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ಪುಸ್ತಕ ಕೊಟ್ಟ ಅಧ್ಯಾಪಕರೂ ಕ್ಷಮಿಸಲಾರರು. ಹೇಳಬೇಕಾದದ್ದು ಬೇರೆ ಇದೆ. ಇನ್ನೂರು ಪುಟ ಕಳೆಯುವಷ್ಟರಲ್ಲಿ ಕೊಲೆ ಹಿಂದಕ್ಕೆ ಸರಿದು, ಇಡೀ ಸೀಮೆಯೇ ದಂಗೆ ಏಳುತ್ತದೆ. ಇದು ಕಲ್ಪನೆಯಲ್ಲ. ಚರಿತ್ರೆಯಲ್ಲಿ ಕೆಟ್‌ನ ಬಂಡಾಯವೆಂದು ಹೆಸರಾದ ಘಟನೆ. ನಮ್ಮ ಪಠ್ಯಪುಸ್ತಕದಲ್ಲಿ ಅದಕ್ಕೆ ದೊರೆತಿರುವುದು ಒಂದೂವರೆ ವಾಕ್ಯ.

ಬಂಡಾಯದ ಮೂಲ ಬೇಲಿಯಲ್ಲಿದೆ. ಅಂದಿನ ಇಂಗ್ಲೆಂಡಿನ ಹಳ್ಳಿಗಳಲ್ಲಿ ಊರಿಗೆಲ್ಲ ಸೇರಿದ ಮೇವಿನ ಬಯಲುಗಳಿದ್ದವು. ನಾವು ಗೋಮಾಳ ಎನ್ನುತ್ತೇವಲ್ಲ, ಹಾಗೆ. ಬಡವನ ಒಂದು ಹಸು ಅಲ್ಲಿ ಮೇಯುತ್ತಿತ್ತು. ಒಲೆಗೆ ಪುಳ್ಳೆ ಅಲ್ಲಿಂದ ಬರುತ್ತಿತ್ತು. ಉಣ್ಣೆಯ ಬಟ್ಟೆಗೆ ವಿದೇಶಗಳಲ್ಲಿ ಬೇಡಿಕೆ ಹೆಚ್ಚಿದಾಗ ಕುರಿ ಸಾಕುವುದು ಬೇಸಾಯಕ್ಕಿಂತ ಲಾಭದ ಕೆಲಸವಾಯಿತು. ನೂರು ಜನ ಉಳುವ ಭೂಮಿಯಲ್ಲಿ ಕುರಿ ಬಿಟ್ಟರೆ ಒಬ್ಬ ಕುರುಬನೂ ಒಂದು ನಾಯಿಯೂ ಸಾಕು. ಜಮೀನುದಾರರು ಬಯಲುಗಳಿಗೆ ತಮ್ಮ ಸಾವಿರಾರು ಕುರಿಗಳನ್ನು ನುಗ್ಗಿಸಿದರು. ಇಲ್ಲವೇ ಬೇಲಿ ಹಾಕಿ ತಮ್ಮದೆಂದರು. ಇದೇ ಕಾಲಕ್ಕೆ ಇನ್ನೊಂದು ಪೆಟ್ಟೂ ಬಿತ್ತು. ಯುದ್ಧಗಳ ಖರ್ಚಿಗೆಂದು ಸರ್ಕಾರ 1544ರಿಂದ ನಾಣ್ಯದ ಬೆಳ್ಳಿಯನ್ನು ಕಡಿಮೆ ಮಾಡಿ ತಾಮ್ರ ಬೆರೆಸುತ್ತ ಬಂದಿತು. ನಾಣ್ಯ ಹಗುರವಾದಂತೆ ಧಾನ್ಯದ ಬೆಲೆ ಏರಿತು. ಕೂಲಿ ಅದರ ಜೊತೆ ಏರಲಿಲ್ಲ. ಬೇಲಿಗಳ ವಿಚಾರಣೆಗೆ ಪ್ರೊಟೆಕ್ಟರ್ 1548ರಲ್ಲಿ ಆಯೋಗ ನೇಮಿಸಿದ್ದರಿಂದ ಜನರಿಗೆ ಆಸೆ ಹುಟ್ಟಿತು. ಆಸೆ ಹುಟ್ಟಿಸಿ ಕೆಲಸ ನಡೆಯದಿದ್ದರೆ ಏನಾಗುತ್ತದೆಂಬುದು ಮರುವರ್ಷದ ಬೇಸಿಗೆಯಲ್ಲಿ ಗೊತ್ತಾಯಿತು.

1549ರ ಜುಲೈಯಲ್ಲಿ ನಾರಿಚ್ ಬಳಿಯ ಒಂದು ಪೇಟೆಯಲ್ಲಿ ಹಬ್ಬಕ್ಕೆ ಸೇರಿದ ಜನ ಬೇಲಿ ಕೀಳಲು ಹೊರಟರು. (ಆ ಊರಿನ ಹೆಸರನ್ನು ಬರೆಯುವುದು ವೈಮಂಡ್‌ಹ್ಯಾಮ್ ಎಂಬಂತೆ, ಉಚ್ಚರಿಸುವುದು ವಿಂಡಮ್ ಎಂದು; ಇಂಗ್ಲಿಷ್ ಅಧ್ಯಾಪಕರು ನಮ್ಮನ್ನು ಇನ್ನು ಮುಂದೆ ಕನಿಕರದಿಂದ ಕಾಣಬೇಕಾಗಿ ವಿನಂತಿ.) ಮೊದಲು ಫ್ಲವರ್ಡ್ಯೂ ಎಂಬ ವಕೀಲನ ಬೇಲಿಗೆ ಕೈಹಾಕಿದರು. ಅವನು ಉಪಾಯಗಾರ. ಅವರ ಕೈಗೆ ದುಡ್ಡು ತುರುಕಿ, ತನ್ನ ವೈರಿಯಾದ ರಾಬರ್ಟ್ ಕೆಟ್‌ನ ಬೇಲಿ ಕೀಳಿರೆಂದು ಕಳಿಸಿದ. ಕೆಟ್ ಬಡವನಲ್ಲ, ಚರ್ಮ ಹದಮಾಡುವ ಕಸುಬಿನವನು, ಜಮೀನುಳ್ಳವನು, ಐವತ್ತೇಳರ ವಯಸ್ಸಿನವನು. ಜನ ತನ್ನ ಬೇಲಿಗೆ ಬಂದಾಗ ಅವನು ದೊಣ್ಣೆ ಹಿಡಿಯಲಿಲ್ಲ. ಅವರ ದೂರನ್ನು ಕೇಳಿ, ನ್ಯಾಯ ನಿಮ್ಮ ಕಡೆಗಿದೆ ಎಂದು ಒಪ್ಪಿ, ತನ್ನ ಬೇಲಿಯನ್ನು ತಾನೇ ಕಿತ್ತು ಅವರ ಮುಂದಾಳಾದ.

ಈ ಪ್ರಸಂಗವನ್ನು ಓದಿದಾಗ ರಾತ್ರಿ ಹನ್ನೊಂದಾಗಿತ್ತು. ಪುಸ್ತಕ ಮುಚ್ಚಿಟ್ಟೆ. ಏಕೆಂಬುದನ್ನು ಆಮೇಲೆ ಹೇಳುತ್ತೇನೆ.

ಕೆಲವೇ ದಿನಗಳಲ್ಲಿ ನಾರಿಚ್ ನಗರದ ಹೊರಗಿನ ಮೌಸ್‌ಹೋಲ್ಡ್ ಎಂಬ ಕುರುಚಲು ದಿಬ್ಬದ ಮೇಲೆ ಸಾವಿರಾರು ಜನರ ಬೀಡು ಬಿಟ್ಟಿತು. ಹದಿನಾರು ಸಾವಿರವೆಂದು ಲೆಕ್ಕ. ಇಂಗ್ಲೆಂಡಿನ ಎರಡನೆಯ ನಗರವಾಗಿದ್ದ ನಾರಿಚ್ಚಿನ ಜನಸಂಖ್ಯೆಗಿಂತಲೂ ಹೆಚ್ಚು! ಒಂದು ಓಕ್ ಮರದ ಕೆಳಗೆ ನ್ಯಾಯಸ್ಥಾನ ಏರ್ಪಟ್ಟಿತು. ಅದನ್ನು ಸುಧಾರಣೆಯ ಓಕ್ ಎಂದು ಕರೆದರು. ಅಲ್ಲಿ ಜಮೀನುದಾರರ ವಿಚಾರಣೆ ನಡೆಯಿತು. ದೊರೆಗೆ 29 ಬೇಡಿಕೆಗಳ ಪಟ್ಟಿ ಹೋಯಿತು. ಒಡೆಯರು ಊರ ಬಯಲಿನಲ್ಲಿ ದನಕುರಿ ಮೇಯಿಸಬಾರದು, ಗೇಣಿ ಏಳನೆಯ ಹೆನ್ರಿಯ ಆಳ್ವಿಕೆಯ ಮೊದಲ ವರ್ಷದಲ್ಲಿದ್ದಷ್ಟಕ್ಕೆ ಇಳಿಯಬೇಕು, ನದಿಯಲ್ಲಿ ಮೀನು ಹಿಡಿಯಲು ಎಲ್ಲರಿಗೂ ಅವಕಾಶವಿರಬೇಕು, ಒಳ್ಳೆಯ ಆದಾಯವಿರುವ ಪಾದ್ರಿಗಳು ಬಡವರ ಮಕ್ಕಳಿಗೆ ಅಕ್ಷರ ಕಲಿಸಬೇಕು, ಜೀತದಾಳುಗಳೆಲ್ಲ ಬಿಡುಗಡೆಯಾಗಬೇಕು. ಪಟ್ಟಿಯಲ್ಲಿ ಪಾರಿವಾಳಗಳ ಮಾತೂ ಇದೆ. ನಗಬೇಡಿ, ಒಡೆಯನ ಪಾರಿವಾಳ ಬಡವನ ಕಾಳು ತಿನ್ನುತ್ತಿತ್ತು, ಅದನ್ನು ಹೊಡೆಯುವ ಹಕ್ಕು ಬಡವನಿಗಿರಲಿಲ್ಲ.

ಸರ್ಕಾರದ ದೂತ ಬಂದು ಕ್ಷಮಾದಾನ ಸಾರಿದಾಗ ಕೆಟ್ ಅದನ್ನು ಸ್ವೀಕರಿಸಲಿಲ್ಲ. ಕ್ಷಮೆ ಬೇಕಾದದ್ದು ಅಪರಾಧಿಗಳಿಗೆ, ನಾವು ಅಪರಾಧ ಮಾಡಿಲ್ಲ ಎಂಬುದು ಅವನ ನಿಲುವು. ಬಂಡಾಯಗಾರರು ನಗರವನ್ನೇ ಹಿಡಿದರು. ಮೊದಲು ಬಂದ ರಾಜಸೈನ್ಯವನ್ನು ಆಗಸ್ಟ್ 1ರಂದು ನಗರದ ಬೀದಿಗಳಲ್ಲೇ ಸೋಲಿಸಿ ಓಡಿಸಿದರು. ಎರಡನೆಯ ಬಾರಿ ವಾರಿಕ್ಕಿನ ಅರ್ಲ್ ದೊಡ್ಡ ಸೈನ್ಯದೊಡನೆ, ಜರ್ಮನ್ ಬಾಡಿಗೆ ಸಿಪಾಯಿಗಳೊಡನೆ ಬಂದ. ಆಗಸ್ಟ್ 27ರಂದು ಡಸಿನ್‌ಡೇಲ್ ಎಂಬಲ್ಲಿ ಎಲ್ಲ ಮುಗಿಯಿತು. ಒಂದೇ ದಿನದಲ್ಲಿ ಸಾವಿರಾರು ರೈತರು ಸತ್ತರು. ಕೆಟ್‌ನನ್ನು ಡಿಸೆಂಬರ್ 7ರಂದು ನಾರಿಚ್ ಕೋಟೆಯ ಗೋಡೆಯಿಂದ ನೇತುಹಾಕಿದರು. ಅವನ ಅಣ್ಣ ವಿಲಿಯಮ್ಮನನ್ನು ತಮ್ಮೂರಿನ ಚರ್ಚಿನ ಗೋಪುರದಿಂದ.

ಕೊನೆ ಹೀಗೆಂದು ಚರಿತ್ರೆಯ ವಿದ್ಯಾರ್ಥಿಗೆ ಮೊದಲೇ ಗೊತ್ತು. ಹಾಗಾದರೆ ಎಂಟುನೂರು ಪುಟ ಓದುವುದೇಕೆ? ನನಗೆ ಮೂರು ಕಾರಣಗಳು ತೋರುತ್ತವೆ.

ಮೊದಲನೆಯದು, ಉದ್ದವೇ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಬಂಡಾಯದ ಬೀಡು ಆರು ವಾರಕ್ಕೂ ಮೀರಿ ಇತ್ತು. ಅಷ್ಟು ಜನಕ್ಕೆ ನೀರು ಎಲ್ಲಿಂದ, ರೊಟ್ಟಿ ಎಲ್ಲಿಂದ, ಪಾಯಖಾನೆ ಎಲ್ಲಿ, ಜಗಳ ತೀರಿಸುವವರು ಯಾರು? ಪಠ್ಯಪುಸ್ತಕದ ಒಂದೂವರೆ ವಾಕ್ಯದಲ್ಲಿ ಈ ಪ್ರಶ್ನೆಗಳಿಗೆ ಎಡೆಯಿಲ್ಲ. ಕಾದಂಬರಿಯಲ್ಲಿ ನಾವು ಆ ದಿಬ್ಬದ ಮೇಲೆ ವಾಸಮಾಡುತ್ತೇವೆ. ಗುಡಿಸಲು ಏಳುವುದನ್ನು, ಹುಡುಗರು ಈಟಿ ಹಿಡಿಯಲು ಕಲಿಯುವುದನ್ನು, ಕುರಿಮಾಂಸವನ್ನೇ ಕಾಣದಿದ್ದವರು ಒಡೆಯನ ಕುರಿಯನ್ನು ಸುಟ್ಟು ತಿನ್ನುವುದನ್ನು ನೋಡುತ್ತೇವೆ. ಹೆಸರು ಗೊತ್ತಾದ ಮೇಲೆ ಸತ್ತರೆ ಲೆಕ್ಕ ಬೇರೆ. ಡಸಿನ್‌ಡೇಲಿನ ಅಧ್ಯಾಯವನ್ನು ನಾನು ಎರಡು ದಿನ ಮುಂದಕ್ಕೆ ಹಾಕಿದೆ. ಗೊತ್ತಿದ್ದೂ, ಆಗದಿರಲಿ ಎಂದು.

ಎರಡನೆಯದು, ಕಾದಂಬರಿಕಾರರು ಒಂದೇ ಪಕ್ಷದ ಮಾತನ್ನು ನಮಗೆ ಒಪ್ಪಿಸುವುದಿಲ್ಲ. ಶಾರ್ಡ್‌ಲೇಕ್ ಬಂಡಾಯಗಾರರ ಕೈಗೆ ಸಿಕ್ಕಿ, ಕೊನೆಗೆ ಓಕ್ ಮರದ ಕೆಳಗಿನ ವಿಚಾರಣೆಗಳಲ್ಲಿ ಕೆಟ್‌ಗೆ ಕಾನೂನಿನ ಸಲಹೆ ಕೊಡುವವನಾಗುತ್ತಾನೆ. ಸಾಕ್ಷಿಯಿಲ್ಲದೆ ಯಾರನ್ನೂ ಶಿಕ್ಷಿಸಬಾರದೆಂದು ಹಟ ಹಿಡಿಯುತ್ತಾನೆ. ಅವನ ಜೊತೆ ಇಬ್ಬರಿದ್ದಾರೆ. ಜಾಕ್ ಬರಾಕ್ ಹಳೆಯ ಗೆಳೆಯ, ಬೀದಿಯಲ್ಲಿ ಬೆಳೆದವನು. ಅವನ ಮನಸ್ಸು ಬಂಡಾಯಕ್ಕೆ ಪೂರ್ತಿ ಒಲಿಯುತ್ತದೆ. ನಿಕೊಲಸ್ ಓವರ್ಟನ್ ಕಿರಿಯ ಸಹಾಯಕ, ಕುಲೀನ ಮನೆತನದವನು. ಒಡೆಯರಿಲ್ಲದೆ ಲೋಕ ನಡೆಯದೆಂದು ಅವನ ನಂಬಿಕೆ. ಇಬ್ಬರೂ ಒಳ್ಳೆಯವರು, ಇಬ್ಬರೂ ಶಾರ್ಡ್‌ಲೇಕನಿಗೆ ಬೇಕಾದವರು. ಅವರ ವಾದ ಕೇಳುತ್ತ ಅವನು ನಡುವೆ ಕುಳಿತಿದ್ದಾನೆ. ಓದುವವನೂ ಹಾಗೆಯೇ. ಬರಾಕನ ಕಡೆಗೆ ನನ್ನ ಮನಸ್ಸು ವಾಲಿದ್ದು ನಿಜ. ಆದರೆ ನಿಕೊಲಸನಿಗಾದ ಅನ್ಯಾಯಗಳನ್ನು ಓದಿದಾಗ, ನ್ಯಾಯ ಕೇಳಲು ಸೇರಿದ ಗುಂಪೂ ಅನ್ಯಾಯ ಮಾಡಬಲ್ಲದೆಂಬುದನ್ನು ಒಪ್ಪಬೇಕಾಯಿತು.

ಮೂರನೆಯದು ನಮ್ಮ ವ್ಯಾಸಂಗಕ್ಕೇ ಸಂಬಂಧಪಟ್ಟದ್ದು. ಕೆಟ್‌ನ ಬಂಡಾಯದ ವಿವರಗಳು ಬಹುಮಟ್ಟಿಗೆ ದೊರೆಯುವುದು ಸಾದರ್ಟನ್, ನೆವಿಲ್ ಎಂಬಿಬ್ಬರ ಬರಹಗಳಿಂದ. ನೆವಿಲನ ಲ್ಯಾಟಿನ್ ಗ್ರಂಥ ಅಚ್ಚಾದದ್ದು 1575ರಲ್ಲಿ. ಇಬ್ಬರೂ ಬಂಡಾಯವನ್ನು ದ್ವೇಷಿಸಿದವರು. ಎಂದರೆ, ಈ ಮೊಕದ್ದಮೆಯಲ್ಲಿ ಸಾಕ್ಷಿ ಹೇಳುವವರೆಲ್ಲ ಎದುರು ಪಕ್ಷದವರು, ಆಪಾದಿತರೆಲ್ಲ ಸತ್ತಿದ್ದಾರೆ. ಇಂಥ ಸಾಕ್ಷಿಯಿಂದ ಸತ್ಯವನ್ನು ತೆಗೆಯುವುದು ಹೇಗೆ? ಪತ್ತೇದಾರ ಮಾಡುವುದನ್ನೇ ಚರಿತ್ರಕಾರನೂ ಮಾಡುತ್ತಾನೆ: ಹೇಳಿದವನ ಹಿತ ಯಾವುದರಲ್ಲಿದೆಯೆಂದು ಕೇಳುತ್ತಾನೆ, ಅವನು ತನಗರಿವಿಲ್ಲದೆ ಬಿಟ್ಟುಕೊಟ್ಟ ಮಾತನ್ನು ಹಿಡಿಯುತ್ತಾನೆ. ಬಂಡಾಯಗಾರರನ್ನು ಕ್ಷುದ್ರ ಗುಂಪೆಂದು ಜರೆದವರೇ ಅವರು ಮರದಡಿಯಲ್ಲಿ ಕ್ರಮವಾಗಿ ವಿಚಾರಣೆ ನಡೆಸಿದರೆಂದೂ ಬರೆದಿಟ್ಟಿದ್ದಾರೆ. ಬೇಕೆಂದು ಬರೆದ ನಿಂದೆಗಿಂತ ಬೇಡವೆಂದರೂ ಬಂದ ಆ ವಿವರಕ್ಕೆ ತೂಕ ಹೆಚ್ಚು. ಚರಿತ್ರೆಯ ವಿಧಾನದ ಬಗ್ಗೆ ತರಗತಿಯಲ್ಲಿ ನಾನು ಉರುಹೊಡೆದ ಸೂತ್ರಗಳು ಈ ಕಾದಂಬರಿಯ ಮಧ್ಯದಲ್ಲಿ ಅರ್ಥವಾದವು ಎಂದರೆ ಅಧ್ಯಾಪಕರು ಬೇಸರಪಡಬಾರದು.

ದೋಷಗಳಿಲ್ಲವೆಂದಲ್ಲ. ಬೀಡಿನ ವರ್ಣನೆಯಲ್ಲಿ ನೂರಾರು ಪುಟ ಕಳೆಯುವಾಗ ಕೊಲೆಯಾದವಳ ನೆನಪೇ ನಮಗೆ ತಪ್ಪಿಹೋಗುತ್ತದೆ. ಕೇವಲ ರಹಸ್ಯಕ್ಕಾಗಿ ಓದುವವರು ಇಲ್ಲಿ ಆಕಳಿಸಬಹುದು. ಶಾರ್ಡ್‌ಲೇಕ್ ಕೆಲವೆಡೆ ಹದಿನಾರನೆಯ ಶತಮಾನದವನಂತೆ ಅಲ್ಲ, ನಮ್ಮ ಕಾಲದ ಸಜ್ಜನನಂತೆ ಯೋಚಿಸುತ್ತಾನೆ. ನಿಜವಾಗಿ ಬದುಕಿದ್ದವರ ನಡುವೆ ಕಲ್ಪಿತ ಪಾತ್ರಗಳು ಓಡಾಡುವುದರಿಂದ ಯಾವುದು ನಿಜ, ಯಾವುದು ಕಟ್ಟಿದ್ದು ಎಂಬ ಗೊಂದಲವೂ ಉಂಟು. ಕೆಟ್, ಫ್ಲವರ್ಡ್ಯೂ, ವಾರಿಕ್ ನಿಜ. ಕೊಲೆ, ಶಾರ್ಡ್‌ಲೇಕ್, ಬರಾಕ್ ಕಲ್ಪನೆ. ಗ್ರಂಥಕರ್ತರು ಇದನ್ನು ಮರೆಮಾಚಿಲ್ಲ. ಕಥೆ ಮುಗಿದ ಮೇಲೆ ಬಂಡಾಯದ ಮೇಲೆ ದೀರ್ಘವಾದ ಚಾರಿತ್ರಿಕ ಪ್ರಬಂಧವನ್ನೇ ಸೇರಿಸಿದ್ದಾರೆ. ಓದಬಯಸುವ ಮಿತ್ರರಿಗೆ ನನ್ನ ಸಲಹೆ: ಒಂದು ನಕ್ಷೆ ಹತ್ತಿರವಿರಲಿ, ಹೆಸರುಗಳನ್ನು ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ, ಗೊತ್ತಿಲ್ಲದ ಪ್ರತಿ ಪದಕ್ಕೂ ನಿಘಂಟು ತೆರೆಯಬೇಡಿ, ಹತ್ತಕ್ಕೆ ಒಂದು ಸಾಕು, ದಿನಕ್ಕೆ ಇಪ್ಪತ್ತು ಪುಟವೆಂದರೆ ಆರು ವಾರದಲ್ಲಿ ಮುಗಿಯುತ್ತದೆ. ಬಂಡಾಯ ನಡೆದದ್ದೂ ಹೆಚ್ಚುಕಡಿಮೆ ಅಷ್ಟೇ ದಿನ.

ಪುಸ್ತಕ ಮುಚ್ಚಿಟ್ಟ ರಾತ್ರಿಯ ಮಾತು ಉಳಿದಿದೆ. ನಮ್ಮೂರಿನ ಪೂರ್ವಕ್ಕೆ ಗೋಮಾಳವಿದೆ. ಅದಕ್ಕೆ ಹೊಂದಿಕೊಂಡು ನಮ್ಮ ಹೊಲ. ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ ನಮ್ಮ ತಂದೆ ಹೊಲದ ಬೇಲಿಯನ್ನು ಹದಿನೈದು ಗುಂಟೆಯಷ್ಟು ಆಚೆಗೆ ಸರಿಸಿದರು. ಕಲ್ಲುಕಂಬ ನೆಡುವಾಗ ತಂತಿಯ ಸುರುಳಿ ಹಿಡಿದು ನಿಂತಿದ್ದವನು ನಾನೇ. ಅಲ್ಲಿ ಈಗ ರಾಗಿ ಬೆಳೆಯುತ್ತದೆ. ನನ್ನ ಪುಸ್ತಕದ ಖರ್ಚಿನಲ್ಲಿ ಅದರ ಪಾಲೂ ಇರಬೇಕು. ಮೊದಲು ದನಗಳು ಅಡ್ಡವಾಗಿ ಕೆರೆಗೆ ಇಳಿಯುತ್ತಿದ್ದವೆಂದೂ ಈಗ ಸುತ್ತು ಹಾಕಿ ಹೋಗುತ್ತವೆಂದೂ ಅಜ್ಜಿ ಒಮ್ಮೆ ಹೇಳಿದ್ದರು. ಆಗ ಅದು ನನಗೆ ದನಗಳ ಸುದ್ದಿಯಾಗಿ ಮಾತ್ರ ಕೇಳಿಸಿತ್ತು.

ಮರುದಿನ ಧೈರ್ಯಮಾಡಿ ತಂದೆಯವರನ್ನು ಕೇಳಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ಎಲ್ರೂ ಹಾಕವ್ರೆ, ನಾವೂ ಹಾಕಿದೀವಿ. ನಾವ್ ಬಿಟ್ರೆ ಇನ್ನೊಬ್ಬ ಹಾಕ್ಕತಾನೆ, ಅಷ್ಟೇಯ" ಎಂದು ಬೀಡಿ ಹಚ್ಚಿದರು. ಅವರ ಮಾತಿನಲ್ಲಿ ಸುಳ್ಳಿಲ್ಲ; ಗೋಮಾಳದ ಸುತ್ತ ಅಂಥ ಬೇಲಿಗಳು ಬಹಳ ಇವೆ. ಫ್ಲವರ್ಡ್ಯೂನನ್ನು ಓದುತ್ತ ನಾನು ಹಲ್ಲು ಕಡಿದಿದ್ದೆ. ನಮ್ಮ ತಂದೆ ಫ್ಲವರ್ಡ್ಯೂ ಅಲ್ಲ. ಎರಡು ಎಕರೆಯ ಬಡ ಬೇಸಾಯಗಾರ. ಕೆಟ್ ಕೂಡ ಅಲ್ಲ. ನಾನೂ ಅಲ್ಲ. ಆ ಬೆಳಿಗ್ಗೆ ನಾನು ಮುಂದೆ ಮಾತಾಡದೆ ಒಳಗೆ ಬಂದೆ.

ನಾರಿಚ್ಚಿನ ಜನ ಕೆಟ್‌ನ ನೆನಪಿಗೆ ಕೋಟೆಯ ಗೋಡೆಯ ಮೇಲೆ ಒಂದು ಫಲಕ ಹಾಕಿದ್ದಾರೆ. ಹಾಕಿದ್ದು 1949ರಲ್ಲಿ, ಅವನನ್ನು ನೇತುಹಾಕಿ ನಾನೂರು ವರ್ಷವಾದ ಮೇಲೆ. ರಜೆ ಮುಗಿಸಿ ಬಂದು ಪುಸ್ತಕವನ್ನು ಹಿಂತಿರುಗಿಸಿದಾಗ ಅಧ್ಯಾಪಕರು, "ಕೊಲೆಗಾರ ಯಾರೆಂದು ಮೊದಲೇ ಊಹಿಸಿದೆಯಾ?" ಎಂದು ಕೇಳಿದರು. ಇಲ್ಲವೆಂದೆ. ಬೇಲಿಯ ಮಾತು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಈ ಸಂಚಿಕೆಯನ್ನು ಅವರೂ ಓದುತ್ತಾರಾದ್ದರಿಂದ ಇಲ್ಲಿ ಬರೆದಿದ್ದೇನೆ. ಒಂದು ಪ್ರತಿಯನ್ನು ಊರಿಗೂ ಒಯ್ಯಬೇಕೆಂದಿದ್ದೇನೆ. ತಂದೆಯವರಿಗೆ ಓದಲು ಕನ್ನಡಕ ಬೇಕು, ಆದ್ದರಿಂದ ನಾನೇ ಓದಿ ಹೇಳಬೇಕಾಗುತ್ತದೆ.